ವಿಯೆನ್ನಾದಲ್ಲಿ ಊಟಕ್ಕೆ ಎಲ್ಲಿ ಕೂರುವುದು

ವಿಯೆನ್ನಾಕ್ಕೆ ಹೊರಟಿದ್ದೇವೆ, ಊಟಕ್ಕೆ ಒಳ್ಳೆಯ ಜಾಗಗಳಿದ್ದರೆ ಪಟ್ಟಿ ಮಾಡಿ ಕಳಿಸಿ ಎಂದು ಪರಿಚಯದವರು ಕೇಳಿದಾಗಲೆಲ್ಲ ನಾನು ಕೂಡಲೇ ಉತ್ತರ ಬರೆಯುವುದಿಲ್ಲ. ಪಟ್ಟಿ ಮಾಡುವುದು ಕಷ್ಟದ ಕೆಲಸವಲ್ಲ. ಸ್ಟೀಫನ್ ಕೆಥೀಡ್ರಲಿನ ಹಿಂದಿನ ಓಣಿಯಲ್ಲಿ 1905ರಿಂದ ಶ್ನಿಟ್ಸೆಲ್ (ಬ್ರೆಡ್ಡಿನ ಪುಡಿ ಹಚ್ಚಿ ಕರಿದ ಮಾಂಸದ ತೆಳು ಹೋಳು) ಬಡಿಸುತ್ತಿರುವ ಫಿಗ್ಲ್‌ಮ್ಯೂಲರ್, ಅರಮನೆಯಂಥ ಕಟ್ಟಡದೊಳಗಿನ ಕೆಫೆ ಸೆಂಟ್ರಾಲ್, ಚಾಕೊಲೇಟ್ ಕೇಕಿಗೆ ಹೆಸರಾದ ಹೋಟೆಲ್ ಸಾಕರ್ ಮತ್ತು ಅದೇ ಕೇಕಿಗಾಗಿ ಅದರೊಡನೆ ವರ್ಷಗಟ್ಟಲೆ ಕೋರ್ಟಿನಲ್ಲಿ ಹೊಡೆದಾಡಿದ ಡೆಮೆಲ್, ಇವೆಲ್ಲ ಫೋನ್ ಕೈಯಲ್ಲಿರುವ ಯಾರಿಗಾದರೂ ಕ್ಷಣದಲ್ಲಿ ಸಿಗುವ ಹೆಸರುಗಳು. ಕೆಟ್ಟ ಜಾಗಗಳೆಂದು ನಾನು ಹೇಳುತ್ತಿಲ್ಲ. ಆದರೆ ಆ ಹೆಸರುಗಳ ಪಕ್ಕದಲ್ಲಿರುವ ನಾಲ್ಕೂವರೆ ನಕ್ಷತ್ರಗಳು ಸಾವಿರಾರು ಅಪರಿಚಿತರ ಊಟಗಳ ಸರಾಸರಿ. ಕೇಳಿದವರ ಮನೆಯಲ್ಲಿ ಯಾರು ಏನು ತಿನ್ನುತ್ತಾರೆ, ಯಾರಿಗೆ ಎಷ್ಟು ಹೊತ್ತು ಸಾಲಿನಲ್ಲಿ ನಿಲ್ಲಲು ಆಗುತ್ತದೆ, ಸಂಜೆ ಎಷ್ಟು ಗಂಟೆಗೆ ಹಸಿವಾಗುತ್ತದೆ ಎಂಬುದು ಆ ಸರಾಸರಿಗೆ ಗೊತ್ತಿರುವುದಿಲ್ಲ.

ನಾವು ಹೋದಾಗಿನ ಮಾತು ಹೇಳುತ್ತೇನೆ. ತಮ್ಮ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಂದ ವಿಯೆನ್ನಾಕ್ಕೆ ನೇರ ರೈಲಿದೆ, ನಾಲ್ಕು ಗಂಟೆಯ ಹಾದಿ. ಅವನ ಮನೆಗೆಂದು ಬಂದಿದ್ದ ಅಮ್ಮನನ್ನು ಕರೆದುಕೊಂಡು ನಾವಿಬ್ಬರೂ ಹೊರಟೆವು. ಅಮ್ಮ ಮಾಂಸ, ಮೀನು ಮುಟ್ಟುವುದಿಲ್ಲ. ಮೊಟ್ಟೆಯ ವಿಷಯದಲ್ಲಿ ಅವಳದೇ ಒಂದು ನಿಯಮವಿದೆ: ಕೇಕಿನೊಳಗೆ ಬೆರೆತಿದ್ದರೆ ಆಗಬಹುದು, ತಟ್ಟೆಯ ಮೇಲೆ ಮೊಟ್ಟೆಯೆಂದು ಕಾಣಬಾರದು. ತಮ್ಮ ಕೋಳಿ, ಕುರಿ ತಿನ್ನುತ್ತಾನೆ, ದನದ ಮಾಂಸ ತಿನ್ನುವುದಿಲ್ಲ, ಮತ್ತು ಮೂವತ್ತು ದಾಟಿದ ಮೇಲೂ ಅಮ್ಮನೆದುರು ಮಾಂಸದ ತಟ್ಟೆ ಇಟ್ಟುಕೊಳ್ಳಲು ಹಿಂಜರಿಯುತ್ತಾನೆ. ನಾನು ಎರಡರ ನಡುವೆ ಇದ್ದೇನೆ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇದು ತೀರಾ ಸಾಮಾನ್ಯವಾದ ಮೇಜು; ಊರಲ್ಲಿದ್ದಾಗ ಇದರ ಬಗ್ಗೆ ಯಾರೂ ಯೋಚಿಸುವುದೂ ಇಲ್ಲ. ಈ ಮೂವರೂ ಒಂದೇ ಮೇಜಿಗೆ ಕೂತು, ಯಾರೂ ಬರೀ ಬ್ರೆಡ್ಡು ಬೆಣ್ಣೆಯಲ್ಲಿ ಹೊಟ್ಟೆ ತುಂಬಿಸಿಕೊಳ್ಳದೆ, ಯಾರೂ ಮುಜುಗರಪಡದೆ ಊಟ ಮುಗಿಸಬೇಕು. ನನಗೆ ಒಳ್ಳೆಯ ಹೋಟೆಲಿನ ಅರ್ಥ ಇದಕ್ಕಿಂತ ದೊಡ್ಡದಲ್ಲ. ಆ ದಿನಗಳಲ್ಲಿ ಯೋಚಿಸುತ್ತ ಯೋಚಿಸುತ್ತ ನನಗೆ ಮನದಟ್ಟಾದದ್ದೇನೆಂದರೆ, ಹೋಟೆಲಿನ ಹೆಸರು ಆರಿಸುವುದು ಕಟ್ಟಕಡೆಯ ಹೆಜ್ಜೆ. ಅದಕ್ಕೂ ಮೊದಲು ಯಾವ ಬಗೆಯ ಜಾಗ, ಯಾವ ಹೊತ್ತು ಎಂಬುದನ್ನು ಆರಿಸಬೇಕು.

ಬಗೆ ಮೊದಲು, ಹೆಸರು ಆಮೇಲೆ

ಬೆಂಗಳೂರಿಗೆ ಹೊಸಬರು ಬಂದರೆ ನಾವು ಅವರಿಗೆ ದರ್ಶಿನಿ ಯಾವುದಕ್ಕೆ, ಮಿಲಿಟರಿ ಹೋಟೆಲ್ ಯಾವುದಕ್ಕೆ, ಜೋಳದ ರೊಟ್ಟಿಯ ಖಾನಾವಳಿ ಯಾವುದಕ್ಕೆ ಎಂದು ಮೊದಲು ತಿಳಿಸುತ್ತೇವೆ. ದರ್ಶಿನಿಯಲ್ಲಿ ನಿಂತು ತಿನ್ನಬೇಕೆಂದು ಗೊತ್ತಿಲ್ಲದವನಿಗೆ ಎಷ್ಟು ಒಳ್ಳೆಯ ದರ್ಶಿನಿಯ ಹೆಸರು ಕೊಟ್ಟರೂ ಅವನು ಕುರ್ಚಿ ಹುಡುಕುತ್ತಾ ನಿಲ್ಲುತ್ತಾನೆ. ವಿಯೆನ್ನಾದಲ್ಲೂ ಹಾಗೆಯೇ ಕೆಲವು ಖಚಿತವಾದ ಬಗೆಗಳಿವೆ. ಕಾಫಿಹೌಸ್ ಒಂದು. ಊರವರು ಮಧ್ಯಾಹ್ನಕ್ಕೂ ರಾತ್ರಿಗೂ ಹೋಗುವ, ಮರದ ಹಲಗೆ ಹೊದಿಸಿದ ಗೋಡೆಗಳ, ಸಾಧಾರಣ ಅಡುಗೆಯ ಬೈಸ್ಲ್ ಇನ್ನೊಂದು. ಊರಂಚಿನ ದ್ರಾಕ್ಷಿತೋಟದವರು ತಮ್ಮದೇ ವೈನನ್ನು ತಮ್ಮದೇ ಅಂಗಳದಲ್ಲಿ ಬಡಿಸುವ ಹೊಯ್ರಿಗರ್ ಮೂರನೆಯದು. ಬೀದಿಯಲ್ಲಿ ನಿಂತು ಸಾಸೇಜ್ ತಿನ್ನುವ ವುರ್ಸ್ಟಲ್‌ಸ್ಟಾಂಡ್ ನಾಲ್ಕನೆಯದು; ಆಸ್ಟ್ರಿಯಾ ತನ್ನ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ 2024ರಲ್ಲಿ ಇದನ್ನೂ ಸೇರಿಸಿತು, ಆದರೆ ಅಮ್ಮನಿಗೆ ಅಲ್ಲಿ ಬ್ರೆಡ್ಡು, ಉಪ್ಪಿನಲ್ಲಿ ನೆನೆಸಿದ ಸೌತೆಕಾಯಿ ಬಿಟ್ಟರೆ ಹೆಚ್ಚೇನೂ ಇಲ್ಲವಾದ್ದರಿಂದ ಅದರ ಮಾತನ್ನು ಇಲ್ಲಿಗೇ ಬಿಡುತ್ತೇನೆ. ಈ ಪ್ರತಿಯೊಂದಕ್ಕೂ ತನ್ನದೇ ಹೊತ್ತಿದೆ, ತನ್ನದೇ ನಡಾವಳಿಯಿದೆ. ಕಾಫಿಹೌಸಿನಲ್ಲಿ ರಾತ್ರಿಯ ಭಾರಿ ಊಟ ನಿರೀಕ್ಷಿಸುವುದು, ಬೈಸ್ಲ್‌ಗೆ ಮಧ್ಯಾಹ್ನ ಮೂರೂವರೆಗೆ ಹೋಗುವುದು, ಹೊಯ್ರಿಗರ್‌ನಲ್ಲಿ ಗಡಿಬಿಡಿ ಮಾಡುವುದು, ಇವೆಲ್ಲ ಹೆಸರು ಸರಿಯಿದ್ದೂ ಬಗೆ ತಪ್ಪಿದ ಪ್ರಸಂಗಗಳು.

ಕಾಫಿಹೌಸಿಗೆ ನಾವು ಸೆಂಟ್ರಾಲ್ ಬಿಟ್ಟು ಗುಂಪೆನ್‌ಡಾರ್ಫರ್ ಬೀದಿಯ ಕೆಫೆ ಸ್ಪೆರ್ಲ್ ಆರಿಸಿದೆವು. 1880ರಿಂದ ಇರುವ ಜಾಗ. ಸೆಂಟ್ರಾಲ್‌ನ ಕಮಾನುಗಳು ನಿಜಕ್ಕೂ ಸುಂದರ, ಆದರೆ ಅದರ ಬಾಗಿಲಲ್ಲಿ ಬೀದಿಯವರೆಗೆ ಚಾಚಿದ ಸಾಲಿನಲ್ಲಿ ಅಮ್ಮನನ್ನು ನಿಲ್ಲಿಸುವುದು ಬೇಡವೆನಿಸಿತು. ಸಾಲಿನಲ್ಲಿ ಹಿಂದೆ ಜನ ಕಾಯುತ್ತಿರುವಾಗ ಒಳಗೆ ಕೂತವರಿಗೆ ನಿರಾಳವಾಗಿ ಕೂರಲಾಗುವುದಿಲ್ಲ, ಮತ್ತು ನಿರಾಳವಾಗಿ ಕೂರುವುದೇ ಕಾಫಿಹೌಸಿನ ಜೀವಾಳ. ಸ್ಪೆರ್ಲ್‌ನಲ್ಲಿ ಬಾಗಿದ ಮರದ ಕುರ್ಚಿಗಳು, ಅಮೃತಶಿಲೆಯ ಪುಟ್ಟ ಮೇಜುಗಳು, ಒಂದು ಕಡೆ ಬಿಲಿಯರ್ಡ್ಸ್ ಮೇಜುಗಳು, ಮರದ ಹಿಡಿಗೆ ಸಿಕ್ಕಿಸಿಟ್ಟ ದಿನಪತ್ರಿಕೆಗಳು. ಅಮ್ಮನಿಗೆಂದು ತರಿಸಿದ್ದು ಮೆಲಾಂಜ್, ಅಂದರೆ ಬಿಸಿ ಹಾಲು ಬೆರೆಸಿ ಮೇಲೆ ನೊರೆ ಕೂರಿಸಿದ ಕಾಫಿ. ಕಪ್ಪು ಕೋಟಿನ ವೇಟರ್ ಅದನ್ನು ಲೋಹದ ಪುಟ್ಟ ತಟ್ಟೆಯಲ್ಲಿ ತಂದಿಟ್ಟ. ಪಕ್ಕದಲ್ಲಿ ಒಂದು ಲೋಟ ನೀರು, ಲೋಟದ ಬಾಯಿಗೆ ಅಡ್ಡವಾಗಿ ಮಗುಚಿಟ್ಟ ಚಮಚ. ಅಮ್ಮ ಮೊದಲು ನೀರು ಕುಡಿದಳು. ಆ ನೀರಿನ ಹಿಂದೆ ಒಂದು ಚರಿತ್ರೆಯೇ ಇದೆ: 1873ರಲ್ಲಿ ಒಂದು, 1910ರಲ್ಲಿ ಇನ್ನೊಂದು ಕಾಲುವೆ ಕಟ್ಟಿ ಆಲ್ಪ್ಸ್ ಬೆಟ್ಟಗಳ ಬುಗ್ಗೆನೀರನ್ನು ಈ ನಗರಕ್ಕೆ ತಂದರು, ಇವತ್ತಿಗೂ ವಿಯೆನ್ನಾದ ನಲ್ಲಿಗಳಲ್ಲಿ ಬರುವುದು ಬಹುಪಾಲು ಅದೇ ನೀರು. ತಮ್ಮ ಇದನ್ನು ವಿವರಿಸಿದ ಮೇಲೆ ಅಮ್ಮ ಬಾಟಲಿ ನೀರು ಕೊಳ್ಳಲು ಬಿಡಲಿಲ್ಲ.

ಕಾಫಿ ಮುಗಿದು ಲೋಟ ಖಾಲಿಯಾದಾಗ ವೇಟರ್ ಮತ್ತೆ ಬಂದ. ಅಮ್ಮ ಕೈಚೀಲ ಎತ್ತಿಕೊಂಡು ಏಳುವುದಕ್ಕೆ ಸಿದ್ಧಳಾದಳು. "ಇನ್ನೇನಾದ್ರೂ ತರಿಸದಿದ್ರೆ ಎಬ್ಬಿಸ್ತಾರೇನೋ?" ಎಂದು ತಮ್ಮನನ್ನು ಕೇಳಿದಳು. ವೇಟರ್ ಖಾಲಿ ಲೋಟ ತೆಗೆದು ತುಂಬಿದ ಇನ್ನೊಂದು ಲೋಟವಿಟ್ಟು ಹೊರಟುಹೋದ. "ಇಲ್ಲಮ್ಮಾ, ಇಲ್ಲಿ ನಾವಾಗಿ ಕೇಳೋವರೆಗೂ ಬಿಲ್ ತರಲ್ಲ. ಕೂತ್ಕೋ," ಎಂದ ತಮ್ಮ. ಅಮ್ಮ ಚೀಲವನ್ನು ಮತ್ತೆ ಪಕ್ಕದ ಕುರ್ಚಿಗೆ ಇಟ್ಟು, ಆಮೇಲೆ ಹೊರಗೆ ಕತ್ತಲಾಗುವವರೆಗೆ ಬಿಲಿಯರ್ಡ್ಸ್ ಆಡುತ್ತಿದ್ದ ಇಬ್ಬರು ಮುದುಕರನ್ನು ನೋಡುತ್ತ ಕೂತಳು. 2011ರಲ್ಲಿ ಆಸ್ಟ್ರಿಯಾ ಈ ಕಾಫಿಹೌಸ್ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ಕಾಫಿಯ ರುಚಿಗಾಗಿ ಅಲ್ಲವೆಂದು ನನಗೆ ಅನಿಸುತ್ತದೆ. ಕಾಫಿಯಷ್ಟನ್ನೇ ನೋಡಿದರೆ ನಮ್ಮ ಫಿಲ್ಟರ್ ಕಾಫಿ ಕುಡಿದವರಿಗೆ ಅದು ತೆಳುವಾಗಿಯೇ ಕಾಣುತ್ತದೆ. ಒಂದು ಕಪ್ಪಿನ ಬೆಲೆಗೆ ಒಬ್ಬ ಮನುಷ್ಯನಿಗೆ ಅರ್ಧ ದಿನದ ಜಾಗವನ್ನೂ ನೀರನ್ನೂ ಮರ್ಯಾದೆಯನ್ನೂ ಕೊಡುವ ಏರ್ಪಾಡು ಅದು. ವಯಸ್ಸಾದವರೊಂದಿಗೆ ಹೋಗುವವರು ದಿನಕ್ಕೊಂದು ಮ್ಯೂಸಿಯಂ ಕಡಿಮೆ ಮಾಡಿಯಾದರೂ ಇದಕ್ಕೆ ಹೊತ್ತು ಇಟ್ಟುಕೊಳ್ಳಬೇಕು. (ಹಳೆಯ ಪ್ರವಾಸ ಲೇಖನಗಳನ್ನು ಓದಿ ಸಿಗರೇಟಿನ ಹೊಗೆಗೆ ಹೆದರುವವರಿಗೆ ಒಂದು ಮಾತು: 2019ರ ನವೆಂಬರಿನಿಂದ ಆಸ್ಟ್ರಿಯಾದ ಹೋಟೆಲುಗಳ ಒಳಗೆ ಧೂಮಪಾನ ನಿಷಿದ್ಧ.)

ಕಣ್ಣಿಗೆ ಕಾಣದ ಸಾರು

ಬೈಸ್ಲ್ ವಿಷಯ ಇಷ್ಟು ಸರಳವಲ್ಲ. ಪಟ್ಟಿಗಳೆಲ್ಲ ಮೊದಲು ಹೇಳುವ ತಿನಿಸು ವೀನರ್ ಶ್ನಿಟ್ಸೆಲ್. ಆಸ್ಟ್ರಿಯಾದ ಆಹಾರ ನಿಯಮದ ಪ್ರಕಾರ ಆ ಹೆಸರಿನಲ್ಲಿ ಬಡಿಸುವುದು ಎಳಗರುವಿನ ಮಾಂಸವೇ ಆಗಿರಬೇಕು. ಹಂದಿಮಾಂಸದ್ದಾದರೆ ಅದನ್ನು ಹೆಸರಿನ ಜೊತೆಗೇ ತಿಳಿಸಬೇಕು. ಹಾಗಾಗಿ ಊರಿನ ಅತಿ ಪ್ರಸಿದ್ಧ ತಿನಿಸು ನಮ್ಮ ಮೇಜಿನಲ್ಲಿ ಮಾಂಸ ತಿನ್ನುವವನಿಗೂ ಸಲ್ಲುವಂತಿರಲಿಲ್ಲ. ಆದರೆ ಹೆಸರಿನಲ್ಲೇ ಮಾಂಸವಿರುವುದರಿಂದ ತೊಂದರೆ ಇಲ್ಲ, ಅದನ್ನು ಬಿಟ್ಟರಾಯಿತು. ನಿಜವಾದ ಕಷ್ಟವಿರುವುದು ನೋಡಲು ಶಾಕಾಹಾರದಂತಿರುವ ತಿನಿಸುಗಳಲ್ಲಿ. ಫ್ರಿಟಾಟೆನ್ ಸೂಪು ಎಂದರೆ ದೋಸೆಯಂಥ ತೆಳು ಪ್ಯಾನ್‌ಕೇಕನ್ನು ಎಳೆಎಳೆಯಾಗಿ ಕತ್ತರಿಸಿ ತಿಳಿಸಾರಿನಲ್ಲಿ ತೇಲಿಬಿಟ್ಟದ್ದು. ಮೇಲೆ ಹಸಿರು ಈರುಳ್ಳಿಯಂಥ ಎಲೆಗಳ ಚೂರು. ಕಣ್ಣಿಗೆ ಎಲ್ಲಿಯೂ ಮಾಂಸವಿಲ್ಲ, ಆದರೆ ಆ ತಿಳಿಸಾರು ದನದ ಮಾಂಸ, ಮೂಳೆ ಬೇಯಿಸಿ ಸೋಸಿದ್ದು. ವಿಯೆನ್ನಾ ಶೈಲಿಯ ಆಲೂಗಡ್ಡೆ ಸಲಾಡಿಗೂ ಸಾಮಾನ್ಯವಾಗಿ ಅದೇ ಸಾರನ್ನು ಬಿಸಿಯಾಗಿ ಹೊಯ್ಯುತ್ತಾರೆ, ಆಲೂಗಡ್ಡೆ ಅದನ್ನು ಹೀರಿಕೊಂಡುಬಿಡುತ್ತದೆ. ಕರಿದ ಚೀಸು, ಕರಿದ ಅಣಬೆ ಸುರಕ್ಷಿತವೆಂದುಕೊಂಡರೆ ಕರಿಯುವ ಕೊಬ್ಬು ಯಾವುದೆಂದು ಕೇಳಬೇಕಾಗುತ್ತದೆ, ಏಕೆಂದರೆ ಹಳೆಯ ಪದ್ಧತಿಯ ಅಡುಗೆಮನೆಗಳಲ್ಲಿ ಹಂದಿಯ ಕೊಬ್ಬು ಬಳಸುವುದುಂಟು.

ಮೆನು ಓದುವವರಿಗೆ ಒಂದು ಆಸರೆ ಇದೆ, ಅದಕ್ಕೆ ಒಂದು ಮಿತಿಯೂ ಇದೆ. 2014ರ ಡಿಸೆಂಬರಿನಿಂದ ಯುರೋಪಿಯನ್ ಒಕ್ಕೂಟದ ಹೋಟೆಲುಗಳು ಅಲರ್ಜಿ ತರಬಲ್ಲ 14 ಬಗೆಯ ಪದಾರ್ಥಗಳ ಮಾಹಿತಿ ಕೊಡಬೇಕು. ಆಸ್ಟ್ರಿಯಾದಲ್ಲಿ ಇದನ್ನು ತಿನಿಸಿನ ಹೆಸರಿನ ಮುಂದೆ ಅಕ್ಷರಗಳಾಗಿ ಅಚ್ಚು ಹಾಕುವುದು ರೂಢಿ: ಎ ಎಂದರೆ ಗೋಧಿಯಂಥ ಧಾನ್ಯ, ಸಿ ಎಂದರೆ ಮೊಟ್ಟೆ, ಡಿ ಎಂದರೆ ಮೀನು, ಜಿ ಎಂದರೆ ಹಾಲು, ಎಚ್ ಎಂದರೆ ಬಾದಾಮಿ ಗೋಡಂಬಿಯಂಥವು. ಜರ್ಮನ್ ಬಾರದವರೂ ಸಿ ಅಕ್ಷರ ನೋಡಿ ಮೊಟ್ಟೆಯನ್ನು ಗುರುತಿಸಬಹುದು. ಆದರೆ ದನದ ಮಾಂಸ, ಹಂದಿಯ ಕೊಬ್ಬು ಆ 14ರಲ್ಲಿ ಸೇರುವುದಿಲ್ಲ, ಹಾಗಾಗಿ ಅಕ್ಷರಗಳು ಸಾರಿನ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಅದಕ್ಕೆ ಬಾಯಿಬಿಟ್ಟು ಕೇಳುವುದೊಂದೇ ದಾರಿ, ಮತ್ತು ಕೇಳಿದಾಗ ಉತ್ತರಿಸುವ ವ್ಯವಧಾನ ಇರುವ ಹೊತ್ತಿನಲ್ಲಿ ಹೋಗುವುದು ಆಯ್ಕೆಯ ಅರ್ಧ ಭಾಗ.

ನಾವು ಏಳನೆಯ ಜಿಲ್ಲೆಯ ಒಂದು ಸಣ್ಣ ಬೈಸ್ಲ್‌ಗೆ ಮಧ್ಯಾಹ್ನದ ಊಟಕ್ಕೆ ಬಾಗಿಲು ತೆರೆದೊಡನೆ ಹೋದೆವು. ಬಡಿಸುತ್ತಿದ್ದಾಕೆ ನಡುವಯಸ್ಸಿನವಳು, ಸೊಂಟಕ್ಕೆ ದಪ್ಪನೆಯ ಚರ್ಮದ ಹಣದ ಚೀಲ ಕಟ್ಟಿಕೊಂಡಿದ್ದಳು. ಆ ದಿನ ಅಣಬೆಯ ಕೆನೆ ಸಾಸು, ಜೊತೆಗೆ ಹಳೆಯ ಬನ್ನಿನ ಚೂರುಗಳನ್ನು ಹಾಲು ಮೊಟ್ಟೆಯಲ್ಲಿ ನೆನೆಸಿ ಕಡುಬಿನಂತೆ ಬೇಯಿಸಿದ ಸೆಮ್ಮೆಲ್‌ಕ್ನೋಡೆಲ್ ಎಂದು ಕಪ್ಪು ಹಲಗೆಯ ಮೇಲೆ ಬರೆದಿತ್ತು. ತಮ್ಮ ಜರ್ಮನ್‌ನಲ್ಲಿ ಕೇಳಿದ: ಸಾಸಿಗೆ ಯಾವ ಸಾರು ಹಾಕಿದ್ದೀರಿ? ಆಕೆ ತನಗೆ ತಿಳಿದಂತೆ ಏನೋ ಹೇಳಿ ಮುಗಿಸಲಿಲ್ಲ. ಅಡುಗೆಮನೆಯ ಬಾಗಿಲವರೆಗೆ ಹೋಗಿ ಕೇಳಿಕೊಂಡು ಬಂದಳು. ಸಾಸಿಗೆ ತರಕಾರಿ ಸಾರು, ಪಕ್ಕದ ಆಲೂಗಡ್ಡೆ ಸಲಾಡಿಗೆ ಮಾತ್ರ ದನದ ಮಾಂಸದ ಸಾರು, ಬೇಕಿದ್ದರೆ ಬದಲಿಗೆ ಹಸಿರೆಲೆ ಕೊಡುತ್ತೇನೆ ಎಂದಳು. ಹಾಗೆಯೇ ಬಂತು: ಅಂಗೈ ತುಂಬುವ ಕಡುಬು, ಸುತ್ತ ಅಣಬೆಯ ಸಾಸು, ಇನ್ನೊಂದು ಬಟ್ಟಲಿನಲ್ಲಿ ಎಲೆಗಳ ಮೇಲೆ ಸ್ಟೀರಿಯಾ ಪ್ರಾಂತದ ಕುಂಬಳಬೀಜದ ಎಣ್ಣೆ. ಆ ಎಣ್ಣೆ ಬಟ್ಟಲಿನ ತಳದಲ್ಲಿ ಕಪ್ಪಾಗಿ ಕಾಣುತ್ತದೆ, ಎಲೆಗೆ ಹರಡಿದಾಗ ಗಾಢ ಹಸಿರು. ಹುರಿದ ಬೀಜದ ಘಮ. ಅಮ್ಮ ಬೆರಳಿಗೆ ತಾಕಿಸಿ ಮೂಸಿ ನೋಡಿ, "ಹುಚ್ಚೆಳ್ಳಿನ ಎಣ್ಣೆ ನೆನಪಾಗತ್ತೆ," ಎಂದಳು.

ತಮ್ಮ ಮೆನುವಿನಲ್ಲಿ ಕೋಳಿಯ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂತಿದ್ದ. ಅಮ್ಮನೇ ಮಾತು ತೆಗೆದಳು: "ನೀನು ತಿನ್ನೋ. ನಿನ್ನ ತಟ್ಟೆ ನಿನಗೆ, ನನ್ನ ತಟ್ಟೆ ನನಗೆ. ಚಮಚ ಮಾತ್ರ ಈ ಕಡೆ ತರಬೇಡ." ಅವನು ತರಿಸಿಕೊಂಡ, ತಿಂದ, ಚಮಚ ಆ ಕಡೆಯೇ ಇಟ್ಟುಕೊಂಡ. ನಮ್ಮ ಮನೆಯ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಶಾಕಾಹಾರವನ್ನೇ ಬಡಿಸಿ ಮಿಷೆಲಿನ್ ಹೋಟೆಲ್ ಮಾರ್ಗದರ್ಶಿಯ ನಕ್ಷತ್ರ ಪಡೆದ ಟಿಯಾನ್‌ನಂಥ ಜಾಗವೂ ವಿಯೆನ್ನಾದಲ್ಲಿ ಇದೆಯೆಂದು ನನಗೆ ಗೊತ್ತಿತ್ತು. ಅಲ್ಲಿಗೆ ಹೋಗಿದ್ದರೆ ಅಮ್ಮನಿಗೆ ಯಾವ ಪ್ರಶ್ನೆಯನ್ನೂ ಕೇಳಬೇಕಿರಲಿಲ್ಲ. ಆದರೆ ಮೇಜಿನ ಇಬ್ಬರಿಗೂ ಅವರವರ ಊಟವನ್ನು ಸಮಾನ ಗೌರವದಿಂದ ತಂದಿಟ್ಟ ಜಾಗ ಆ ಸಣ್ಣ ಬೈಸ್ಲ್, ಮತ್ತು ಯಾವ ಪಟ್ಟಿಯ ಮೊದಲ ಪುಟದಲ್ಲೂ ನಾನು ಅದರ ಹೆಸರನ್ನು ನೋಡಿರಲಿಲ್ಲ.

ಹೊತ್ತು, ವಾರ, ಋತು

ಬಹಳಷ್ಟು ಬೈಸ್ಲ್‌ಗಳು ವಾರದ ದಿನಗಳಲ್ಲಿ ಮಧ್ಯಾಹ್ನಕ್ಕೆ ಸೂಪು ಮತ್ತು ಒಂದು ಮುಖ್ಯ ತಿನಿಸು ಸೇರಿಸಿ ಕಡಿಮೆ ಬೆಲೆಯ ಊಟ ಕೊಡುತ್ತವೆ. ಆಫೀಸಿನವರು ತಿನ್ನುವ ಊಟ ಅದು. ದುಡ್ಡಿನ ಲೆಕ್ಕದಲ್ಲೂ ಅಡುಗೆಯ ತಾಜಾತನದಲ್ಲೂ ದಿನದ ದೊಡ್ಡ ಊಟವನ್ನು ಮಧ್ಯಾಹ್ನಕ್ಕೇ ಇಟ್ಟುಕೊಳ್ಳುವುದು ಒಳ್ಳೆಯದೆಂದು ನಾನು ನಂಬುತ್ತೇನೆ. ಅನೇಕ ಕಡೆ ಮಧ್ಯಾಹ್ನದ ನಂತರ ಒಲೆ ಆರಿಸಿ ಸಂಜೆಯೇ ಮತ್ತೆ ಹಚ್ಚುತ್ತಾರೆ. ಭಾನುವಾರವೋ ಸೋಮವಾರವೋ ರಜೆ ಇರುತ್ತದೆ. ಭಾನುವಾರ ದಿನಸಿ ಅಂಗಡಿಗಳೂ ಬಹುತೇಕ ಮುಚ್ಚಿರುತ್ತವೆ, ನಾಷ್‌ಮಾರ್ಕ್ಟ್ ಸಂತೆಯೂ ಇರುವುದಿಲ್ಲ. ಹೋಟೆಲು ಆರಿಸುವಾಗ ನಕ್ಷತ್ರಗಳಿಗಿಂತ ಮೊದಲು ನೋಡಬೇಕಾದದ್ದು ಈ ವೇಳಾಪಟ್ಟಿಯನ್ನು.

ಋತುವನ್ನೂ ನೋಡಬೇಕು. ವಸಂತದಲ್ಲಿ ಮಾರ್ಖ್‌ಫೆಲ್ಡ್ ಬಯಲಿನ ಆಸ್ಪರಾಗಸ್, ಬೇಸಿಗೆಯಲ್ಲಿ ಹಳದಿ ಕಾಡಣಬೆ ಮತ್ತು ಏಪ್ರಿಕಾಟ್ ಹಣ್ಣನ್ನು ಇಡಿಯಾಗಿ ತುಂಬಿದ ಸಿಹಿ ಕಡುಬು, ಶರತ್ಕಾಲದಲ್ಲಿ ಕುಂಬಳ, ನವೆಂಬರಿನಲ್ಲಿ ಎಲ್ಲೆಲ್ಲೂ ಬಾತುಕೋಳಿಯ ಜಾತಿಯ ಹೆಬ್ಬಾತು. ಶಾಕಾಹಾರಿಗಳಿಗೆ ಏಪ್ರಿಲಿನಿಂದ ಸೆಪ್ಟೆಂಬರಿನವರೆಗಿನ ಮೆನು ನವೆಂಬರಿನದಕ್ಕಿಂತ ಎಷ್ಟೋ ಉದಾರವಾದದ್ದು. ಇದರ ಜೊತೆಗೆ, ಈ ಊರಿನಲ್ಲಿ ಸಿಹಿಯನ್ನೇ ಊಟವಾಗಿ ತಿನ್ನುವ ಪದ್ಧತಿ ಇದೆ; ಗಸಗಸೆ ಪುಡಿ, ಸಕ್ಕರೆ ಉದುರಿಸಿ ಕರಗಿದ ಬೆಣ್ಣೆ ಹೊಯ್ದ ದೊಡ್ಡ ಗೆರ್ಮ್‌ಕ್ನೋಡೆಲ್ ಒಂದನ್ನು ಮಧ್ಯಾಹ್ನದ ಊಟವೆಂದು ತರಿಸಿಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಹೋಳಿಗೆಯನ್ನೇ ಊಟವೆಂದು ಬಗೆದು ಬೆಳೆದ ಅಮ್ಮನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಸಂಜೆಗೆ ನನ್ನ ಆಯ್ಕೆ ಹೊಯ್ರಿಗರ್. ವೈನ್ ಕುಡಿಯದವರು ವೈನ್ ಅಂಗಳಕ್ಕೆ ಏಕೆ ಹೋಗಬೇಕೆಂದು ಕೇಳಬಹುದು. ದ್ರಾಕ್ಷಿ ಬೆಳೆಗಾರರು ತಮ್ಮ ಬೆಳೆಯನ್ನು ತಾವೇ ಮಾರಬಹುದೆಂದು ಎರಡನೆಯ ಜೋಸೆಫ್ ದೊರೆ 1784ರಲ್ಲಿ ಹೊರಡಿಸಿದ ಆಜ್ಞೆಯಿಂದ ಬೆಳೆದ ಪದ್ಧತಿ ಇದು; ಬಾಗಿಲ ಮೇಲೆ ಪೈನ್ ಮರದ ರೆಂಬೆ ತೂಗುಹಾಕಿದ್ದರೆ ಅಂದು ತೆರೆದಿದೆ ಎಂದರ್ಥ. ನಗರದ ಎಲ್ಲೆಯೊಳಗೇ ನೂರಾರು ಹೆಕ್ಟೇರ್ ದ್ರಾಕ್ಷಿತೋಟವಿದೆ. ಪ್ರವಾಸಿ ಬಸ್ಸುಗಳು ಹೆಚ್ಚಾಗಿ ಗ್ರಿನ್ಸಿಂಗ್‌ಗೆ ಹೋಗುತ್ತವೆ. ನಾವು 31ನೆಯ ಟ್ರಾಮ್ ಹಿಡಿದು ಅದರ ಕೊನೆಯ ನಿಲ್ದಾಣವಾದ ಸ್ಟಾಮರ್ಸ್‌ಡಾರ್ಫ್‌ಗೆ ಹೋದೆವು. ಅಲ್ಲಿ ತಿನಿಸುಗಳನ್ನು ಗಾಜಿನ ಕಪಾಟಿನಲ್ಲಿ ಸಾಲಾಗಿ ಇಟ್ಟಿರುತ್ತಾರೆ, ಕುಡಿಯುವುದನ್ನು ಮಾತ್ರ ಮೇಜಿಗೆ ತಂದುಕೊಡುತ್ತಾರೆ. ಅಮ್ಮ ಕಪಾಟಿನ ಮುಂದೆ ನಿಂತು ತನಗೆ ಬೇಕಾದ್ದನ್ನು ತಾನೇ ಬೆರಳು ತೋರಿಸಿ ಹಾಕಿಸಿಕೊಂಡಳು: ಕೆಂಪುಮೆಣಸು ಬೆರೆಸಿದ ಲಿಪ್ಟಾವರ್ ಎಂಬ ಚೀಸಿನ ಚಟ್ನಿ, ಕಪ್ಪು ಬ್ರೆಡ್ಡು, ಮೂಲಂಗಿ, ಸೌತೆಕಾಯಿ. ಕುಡಿಯಲು ದ್ರಾಕ್ಷಿರಸ. ಹೊರದೇಶದಲ್ಲಿ ಅಷ್ಟು ದಿನವೂ ಮಕ್ಕಳ ಬಾಯಿಯಿಂದಲೇ ಊಟ ಕೇಳಬೇಕಾಗಿದ್ದವಳಿಗೆ ತಾನೇ ನೋಡಿ ಆರಿಸುವ ಅವಕಾಶ ಅಲ್ಲಿ ಸಿಕ್ಕಿತು, ಮತ್ತು ಅದು ಅವಳ ನಡಿಗೆಯಲ್ಲೇ ಕಾಣುತ್ತಿತ್ತು.

ಅನ್ನದ ಪ್ರಶ್ನೆ

ಹೋದ ಊರಿನಲ್ಲಿ ಆ ಊರಿನದನ್ನೇ ತಿನ್ನಬೇಕು, ಅಲ್ಲಿಗೆ ಹೋಗಿಯೂ ಅನ್ನ, ಬೇಳೆ ಹುಡುಕುವುದು ಪ್ರವಾಸಿಗೆ ತಕ್ಕದ್ದಲ್ಲ ಎಂದು ವಾದಿಸುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಆರೇಳು ದಶಕ ದಿನವೂ ಅನ್ನ ಉಂಡ ದೇಹಕ್ಕೆ ಮೂರು ನಾಲ್ಕು ದಿನವಾದ ಮೇಲೆ ಅನ್ನ ಬೇಕೆನಿಸುವುದು ಕುತೂಹಲದ ಕೊರತೆಯಲ್ಲ. ಅಲ್ಲದೆ ಒಂದು ರಾಜಧಾನಿಯ ಅಡುಗೆ ಎಂದರೆ ಅಲ್ಲಿಗೆ ಬಂದು ನೆಲೆಸಿದವರ ಅಡುಗೆಯೂ ಹೌದು. ವಿಯೆನ್ನಾ ತನ್ನದೆನ್ನುವ ಗೂಲಾಶ್ ಎಂಬ ಮಾಂಸದ ಸಾರು ಹಂಗೇರಿಯಿಂದ ಬಂದದ್ದು, ಈ ಊರಿನ ಎಷ್ಟೋ ಸಿಹಿಗಳು ಇಂದಿನ ಚೆಕ್ ದೇಶದ ಬೊಹೀಮಿಯಾದವು. ವಿಯೆನ್ನಾದ ಓಟಾಕ್ರಿಂಗ್ ಭಾಗದ ಬ್ರುನ್ನೆನ್‌ಮಾರ್ಕ್ಟ್ ಸಂತೆಯಲ್ಲಿ ಈಗ ಟರ್ಕಿಯ, ಬಾಲ್ಕನ್ನಿನ ಅಂಗಡಿಗಳ ಸಾಲೇ ಇದೆ.

ಹಾಗಾಗಿ ಒಂದು ರಾತ್ರಿ ಲೀಖ್ಟೆನ್‌ಸ್ಟೈನ್ ಬೀದಿಯ ಡೇರ್ ವೀನರ್ ದೀವಾನ್‌ಗೆ ಹೋದೆವು. 2005ರಲ್ಲಿ ಆರಂಭವಾದ ಪಾಕಿಸ್ತಾನಿ ಅಡುಗೆಯ ಹೋಟೆಲು. ಮಾಂಸದವೂ ತರಕಾರಿಯವೂ ಆದ ಪಲ್ಯ, ಸಾರುಗಳನ್ನು ಬಿಸಿಯಾಗಿ ಇಟ್ಟಿರುತ್ತಾರೆ, ಬೇಕಾದಷ್ಟು ಬಡಿಸಿಕೊಳ್ಳಬಹುದು. ಅಲ್ಲಿ ಊಟಕ್ಕೆ ನಿಗದಿಯಾದ ಬೆಲೆ ಇಲ್ಲ, ತಿಂದವರು ತಮಗೆ ಸರಿಕಂಡಷ್ಟು ಕೊಡುತ್ತಾರೆ. ಕುಡಿಯುವುದಕ್ಕೆ ಮಾತ್ರ ಬೆಲೆ ಇದೆ. ಪಕ್ಕದ ಉದ್ದನೆಯ ಮೇಜಿನಲ್ಲಿ ವಿಶ್ವವಿದ್ಯಾಲಯದ ಹುಡುಗರು ತಟ್ಟೆಯಲ್ಲಿ ಅನ್ನದ ಗುಡ್ಡೆ ಹಾಕಿಕೊಂಡು ಮಾತಾಡುತ್ತಿದ್ದರು. ಅಮ್ಮ ಬೇಳೆ, ಅನ್ನ ಹಾಕಿಸಿಕೊಂಡು, ಒಂದು ತುತ್ತು ಕೈಯಲ್ಲೇ ಕಲಸಿ ತಿಂದು, ಆಮೇಲೆ ಎರಡನೆಯ ಸಲವೂ ಹಾಕಿಸಿಕೊಂಡಳು.

ಏಳುವ ಹೊತ್ತಿಗೆ ಎಷ್ಟು ಕೊಡುವುದೆಂಬ ಮಾತು ಬಂತು. ಹುಡುಗರೆಲ್ಲ ಏಳೆಂಟು ಯೂರೋ ಕೊಡುತ್ತಿರಬಹುದು, ನಾವೂ ಅಷ್ಟೇ ಕೊಡೋಣವೇ ಎಂದು ತಮ್ಮ ಕೇಳಿದ. "ಅವರು ಓದೋ ಮಕ್ಕಳು, ಅವರ ಲೆಕ್ಕ ಬೇರೆ. ಮೊನ್ನೆ ಆ ಕಡುಬಿನ ಹೋಟ್ಲಲ್ಲಿ ತಲೆಗೆ ಎಷ್ಟಾಯ್ತು?" ಎಂದಳು ಅಮ್ಮ. ತಮ್ಮ ಹೇಳಿದ. "ಇಲ್ಲೂ ಅಷ್ಟೇ ಕೊಡು. ಬೇಳೆ ಬೇಯಿಸೋದಕ್ಕೂ ಅಷ್ಟೇ ಹೊತ್ತು ಹಿಡಿಯತ್ತೆ," ಎಂದು ಅವನ ಕೈಯಿಂದ ನೋಟುಗಳನ್ನು ಇಸಿದುಕೊಂಡು, ಕೌಂಟರಿಗೆ ತಾನೇ ಹೋಗಿ ಕೊಟ್ಟುಬಂದಳು.